ಸಫಾರಿ ಶೆಟ್ರ ಪ್ಯಾಕಿಂಗ್ ಲಿಸ್ಟು

ಶನಿವಾರ ಬೆಳಿಗ್ಗೆ ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಗೆ ಹೋದರೆ ಕರಾವಳಿಯ ಮಾತು ಕಿವಿಗೆ ಬೀಳದೆ ಒಂದು ಅಂಜಲ್ ಕೊಳ್ಳುವುದು ಕಷ್ಟ. ಅಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತ, ಮೀನಿಗೂ ಮಾತಿಗೂ ಸಂಬಂಧವೇ ಇಲ್ಲದ ಹಾಗೆ, "ಈ ಸಲ ಆಫ್ರಿಕಾಕ್ಕೆ ಹೋಯ್ಕ್ ಮಾರಾಯ್ರೆ, ಮಕ್ಳಿಗೆ ಕಾಡು ತೋರ್ಸ್ಕ್" ಎನ್ನುವವರು ಯಾರಾದರೂ ಸಿಕ್ಕರೆ ಅವರೇ ಸಫಾರಿ ಶೆಟ್ರು. ಕುಂದಾಪುರದವರಾದ್ದರಿಂದ ಇವರು ಶೆಟ್ರು. ಪಕ್ಕದ ಕಟ್ಟಡದಲ್ಲಿ ಇವರೇ ಸಫಾರಿ ಗೌಡ್ರಾಗಿರುತ್ತಾರೆ, ಎದುರಿನದರಲ್ಲಿ ಸಫಾರಿ ಭಟ್ರು. ಕೊಲ್ಲಿಯ ಯಾವ ಕನ್ನಡ ಕೂಟವೂ ಇವರಿಲ್ಲದೆ ನಡೆದದ್ದಿಲ್ಲ. ಊಟದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತು, ಎಲೆಗೆ ಉಪ್ಪಿನಕಾಯಿ ಬೀಳುವ ಮೊದಲೇ ಫೋನಿನಲ್ಲಿ ಸಿಂಹ ತೋರಿಸುವವರು ಇವರು.

ಶೆಟ್ರ ಉದ್ಯೋಗ ಮೀನಾ ಜಾಯೆದ್ ಬಂದರಿನ ಬಳಿ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ, ಕಾಗದಪತ್ರದ ವಿಭಾಗ. ಬಂದರು ಶುರುವಾದದ್ದು 1972ರಲ್ಲಿ. ಅದರ ಕಂಟೇನರ್ ವ್ಯವಹಾರವೆಲ್ಲ 2012ರಲ್ಲಿ ಹೊಸ ಖಲೀಫಾ ಬಂದರಿಗೆ ಹೋಯಿತು, ಶೆಟ್ರು ಹೋಗಲಿಲ್ಲ. ಹಡಗಿನಿಂದ ಇಳಿದ ಸರಕನ್ನು ಪ್ಯಾಕಿಂಗ್ ಲಿಸ್ಟಿಗೆ ತಾಳೆ ಹಾಕುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಐದು ಪೆಟ್ಟಿಗೆ ಬರೆದಿದ್ದರೆ ಐದು ಇಳಿಯಬೇಕು. ನಾಲ್ಕು ಬಂದರೆ ಅದು ಶಾರ್ಟ್ ಲ್ಯಾಂಡಿಂಗ್. ಪೆಟ್ಟಿಗೆಯ ಮೂಲೆ ಮುರಿದಿದ್ದರೆ ಕೆಂಪು ಇಂಕಿನಲ್ಲಿ ಷರಾ. ಇಂಥವರ ಕೈಗೆ ಯಾರೋ 'ಬಿಗ್ ಫೈವ್' ಎಂಬ ಪಟ್ಟಿ ಕೊಟ್ಟರು: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡುಕೋಣ. ಶೆಟ್ರಿಗೆ ಆಫ್ರಿಕಾ ಅರ್ಥವಾದದ್ದು ಆಗ.

ಮನೆ ಅಲ್ ಜಾಹಿಯಾದಲ್ಲಿ, ಹಳಬರ ಬಾಯಲ್ಲಿ ಈಗಲೂ ಟೂರಿಸ್ಟ್ ಕ್ಲಬ್. ಮನೆಯಲ್ಲಿ ಹೆಂಡತಿ, ಹದಿನಾರರ ಮಗಳು, ಹದಿಮೂರರ ಮಗ. ಮಕ್ಕಳು ಮಾತಾಡುವುದನ್ನು ನಿಲ್ಲಿಸಿಲ್ಲ, ಅಪ್ಪ ಒಳಗೆ ಬಂದಾಗ ನಿಲ್ಲಿಸುತ್ತಾರೆ ಅಷ್ಟೆ. "ಒಂದು ಸಲ ಕಾಡಿಗೆ ಕರ್ಕೊಂಡು ಹೋದರೆ ಎಲ್ಲ ಸರಿ ಹೋಗ್ತದೆ" ಎಂಬುದು ಶೆಟ್ರ ನಂಬಿಕೆ. ಜೀಪಿನಿಂದ ಯಾರೂ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಾರರು ಎಂಬ ಲೆಕ್ಕ ಅದರ ಹಿಂದೆ ಇತ್ತೇನೋ.

ಹಣದ ಲೆಕ್ಕವೂ ಇತ್ತು. ಎಮಿರೇಟ್ಸಿನ ಶಾಲೆಗಳಿಗೆ ಬೇಸಿಗೆ ರಜೆ ಜುಲೈ, ಆಗಸ್ಟ್. ಆ ದಿನಗಳಲ್ಲಿ ನಾಲ್ಕು ಜನ ಮಂಗಳೂರಿಗೆ ಹಾರಲು ವಿಮಾನದವರು ಕೇಳುವ ದುಡ್ಡನ್ನು ಕೊಲ್ಲಿಯ ಯಾವ ಕನ್ನಡಿಗನೂ ಸಮಾಧಾನದಿಂದ ಹೇಳಿದ್ದನ್ನು ನಾನು ಕೇಳಿಲ್ಲ. ಅಷ್ಟು ಕೊಟ್ಟು ಹೋದರೆ ಊರಿನಲ್ಲಿ ಸಿಗುವುದು ಮಳೆ ಮತ್ತು ನೆಂಟರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಒಣ ಚಳಿಗಾಲ. ಎಲೆ ಉದುರಿರುತ್ತದೆ, ನೀರಿಗಾಗಿ ಪ್ರಾಣಿಗಳು ಹೊಳೆದಂಡೆಗೇ ಬರುತ್ತವೆ, ಕಾಣಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. "ಸ್ವಲ್ಪ ಮೇಲೆ ಹಾಕಿದರೆ ಸಾಕು" ಎಂದರು ಶೆಟ್ರು. ಆ ಸ್ವಲ್ಪದ ಮೊತ್ತ ಅವರ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಆಫೀಸಿನಲ್ಲಿ ಮೈಸೂರಿನವರೊಬ್ಬರಿದ್ದರು. ಅವರಿಗೆ ಈ ವಿಷಯ ಸಹಿಸಲಾಗಲಿಲ್ಲ. "ಗುರುವೇ, 2022ರ ಅಂದಾಜಲ್ಲಿ ನಮ್ಮ ಕರ್ನಾಟಕದಲ್ಲೇ 1,879 ಚಿರತೆ ಇದಾವೆ. ಕಬಿನಿಗೆ ಹೋಗಿ, ಮರದ ಮೇಲೇ ಮಲಗಿರ್ತವೆ." ಶೆಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ಶಾರ್ಜಾ ಸಫಾರಿಯ ಹೆಸರು ತೆಗೆದರು. 2022ರಲ್ಲಿ ತೆರೆದದ್ದು, ಆಫ್ರಿಕಾದ ಹೊರಗೆ ಇಷ್ಟು ದೊಡ್ಡ ಸಫಾರಿ ಬೇರೆ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ, ಕಾರಿನಲ್ಲಿ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಶೆಟ್ರು ಕರೆದುಕೊಂಡು ಹೋದರು, ಆದರೆ ಅದು ರಿಹರ್ಸಲ್ ಎಂದು ಮೊದಲೇ ಘೋಷಿಸಿ. ನಮ್ಮದೇ ಅಬುಧಾಬಿಯ ಸರ್ ಬನಿಯಾಸ್ ದ್ವೀಪದಲ್ಲಿ ಜಿರಾಫೆಯೂ ಚೀತಾವೂ ಬಯಲಲ್ಲೇ ತಿರುಗುತ್ತವಲ್ಲ ಎಂದು ನಾನೇ ಒಮ್ಮೆ ನೆನಪಿಸಿದೆ. "ತೀರಾ ಹತ್ರ ಆಯ್ತು" ಎಂದರು, ಅದು ದ್ವೀಪದ್ದೇ ತಪ್ಪೆಂಬಂತೆ.

ಊರಿನಿಂದ ಅವರ ತಾಯಿಯ ಫೋನು ಬಂತು. ತಾವು ಹೋಗಲಿರುವ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಕಡೆ ಮಲೇರಿಯಾ ಇದೆ, ಮಾತ್ರೆ ತೆಗೆದುಕೊಳ್ಳಬೇಕು ಎಂದು ಸೊಸೆ ಬಾಯಿ ಬಿಟ್ಟಿದ್ದರು.

"ಮಲೇರಿಯಾ ಬರ್ಸ್ಕಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ? ಮಂಗ್ಳೂರಂಗೇ ಇತ್ತಲ್ದಾ?"

"ಅಮ್ಮಾ, ಚಿರತೆ ಕಾಂಬುಕೆ ಹೋಪ್ದ್."

"ಚಿರತೆ ಮೊನ್ನೆ ನಮ್ಮ್ ಹಟ್ಟಿಗೇ ಬಂದಿತ್. ನಾಯಿ ಹೊತ್ಕಂಡ್ ಹೋಯ್ತ್. ನಾ ಬಚ್ಚಲ್ ಕಿಟ್ಕಿಯಂಗೇ ಕಂಡಿದೆ."

"ಅದ್ ಲೆಕ್ಕಕ್ಕಿಲ್ಲ ಅಮ್ಮಾ. ಅದ್ಕೆ ಟಿಕೇಟ್ ಇಲ್ಲ."

ಇಲ್ಲಿಂದ ಮುಂದೆ ಶೆಟ್ರು ಬರೇ ಶೆಟ್ರಲ್ಲ, ಎಕ್ಸೆಲ್ ಹಾಳೆಯ ಒಡೆಯರು. ವೀಸಾ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಮಕ್ಕಳ ಜನನ ಪ್ರಮಾಣಪತ್ರ. ಅಪ್ರಾಪ್ತ ಮಕ್ಕಳ ಕಾಗದದ ವಿಷಯದಲ್ಲಿ ದಕ್ಷಿಣ ಆಫ್ರಿಕಾದವರು ಬಿಗಿ. ಬೇರೆಯವರು ಇದಕ್ಕೆ ಹಲುಬುತ್ತಾರೆ. ಶೆಟ್ರು ಮಾತ್ರ ಪ್ರತಿಯೊಂದಕ್ಕೂ ಮೂರು ನಕಲು ತೆಗೆದು, ಬಣ್ಣದ ಚೀಟಿ ಅಂಟಿಸಿ, ಇಡೀ ಪ್ರವಾಸದಲ್ಲೇ ಅತಿ ಸುಖದ ವಾರವನ್ನು ಕಳೆದರು.

ಮುಂದಿನದೆಲ್ಲ ನಮಗೆ ಮಗಳ ಕಡೆಯಿಂದ ತಿಳಿದದ್ದು. ಶೆಟ್ರು ಮಾರುಕಟ್ಟೆಯಲ್ಲಿ ಒಪ್ಪಿಸಿದ ವರದಿಯಲ್ಲಿ ಇದರ ಅರ್ಧವೂ ಇಲ್ಲ.

ಮೊದಲನೆಯದು ಬಟ್ಟೆ. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ನಲವತ್ತೈದು ಡಿಗ್ರಿಯ ಅಬುಧಾಬಿಯಿಂದ ನಾಲ್ವರೂ ತೆಳು ಬಟ್ಟೆ ತುಂಬಿಕೊಂಡು ಹೊರಟಿದ್ದರು. ಶೆಟ್ರು ತಮಗೊಂದು ಹುಲ್ಲುಬಣ್ಣದ ಅರ್ಧ ಚಡ್ಡಿ ಕೊಂಡಿದ್ದರು, ಆರು ಜೇಬಿನದು. ಜುಲೈಯ ಬೆಳಗಿನ ಜಾವ ಕ್ರೂಗರ್‌ನಲ್ಲಿ ಆರೇಳು ಡಿಗ್ರಿ ಇರುತ್ತದೆ. ತೆರೆದ ಗಾಡಿ, ಎದುರುಗಾಳಿ. ಆ ಹೊತ್ತನ್ನು ಮಕ್ಕಳು ಅದುವರೆಗೆ ಮಲಗುವ ಕಡೆಯಿಂದ ನೋಡಿದ್ದರೇ ಹೊರತು ಏಳುವ ಕಡೆಯಿಂದ ನೋಡಿರಲಿಲ್ಲ. ಗಾಡಿಯವನು ಕೊಟ್ಟ ಕಂಬಳಿಯೊಳಗೆ ಇಬ್ಬರೂ ಮಾಯವಾದರು. ಶೆಟ್ರ ಆರೂ ಜೇಬಿನಲ್ಲಿ ಇಡಲು ಕೈ ಇದ್ದದ್ದು ಎರಡೇ.

ಸಿಂಹ ಸಿಕ್ಕಿತು. ಮೊದಲ ದಿನವೇ, ಡಾಂಬರು ರಸ್ತೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ, ಮಲಗಿತ್ತು. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರಬಲ್ಲದು ಎಂದು ಗಾಡಿಯವನು ಹೇಳಿದಾಗ ಮಗ ಮೊದಲ ಬಾರಿಗೆ ಕಂಬಳಿಯಿಂದ ತಲೆ ಹೊರಹಾಕಿ, ಗೌರವದಿಂದ ನೋಡಿದ. ಶೆಟ್ರು ಕಾದರು, ಹೆಂಡತಿ ಕಾದರು. ಸಿಂಹ ಒಂದು ಕಿವಿ ಅಲ್ಲಾಡಿಸಿತು. ಮಗಳು ಅಂದದ್ದು ಇಷ್ಟು: "ಪಪ್ಪಾ, ಮೀನಾ ಪ್ಲಾಜಾ ಬೆಟರ್ ಇತ್ತು." 2020ರ ನವೆಂಬರ್ 27ರಂದು ಬಂದರಿನ ಆ ನಾಲ್ಕು ಗೋಪುರಗಳ 144 ಮಹಡಿಗಳನ್ನು ಹತ್ತು ಸೆಕೆಂಡಿನಲ್ಲಿ ಉರುಳಿಸಿದ್ದನ್ನು ಈ ಮಕ್ಕಳು ದೂರದಿಂದ ಕಣ್ಣಾರೆ ಕಂಡಿದ್ದಾರೆ. ಅಂಥವರನ್ನು ಮೆಚ್ಚಿಸುವ ಜವಾಬ್ದಾರಿ ಒಂದು ನಿದ್ದೆಗಣ್ಣಿನ ಸಿಂಹದ ಮೇಲೆ ಬಿದ್ದರೆ ಅದು ತಾನೇ ಏನು ಮಾಡೀತು? ಶೆಟ್ರು ಪಟ್ಟಿಯಲ್ಲಿ ಒಂದಕ್ಕೆ ಗುರುತು ಹಾಕಿದರು.

ಆನೆಗಳು ಬೇಕಾದಷ್ಟು. ಗುರುತು. ಕಾಡುಕೋಣದ ಹಿಂಡು ಎದುರಾದಾಗ ಶೆಟ್ರ ಹೆಂಡತಿ ಕನ್ನಡಕ ಸರಿಮಾಡಿ ನೋಡಿ, "ನಮ್ ವಂಡಾರು ಕಂಬ್ಳದ್ ಕೋಣದ್ ಮುಂದೆ ಇದೆಂತದ್" ಎಂದು ಮುಖ ತಿರುಗಿಸಿದರು. ಅದಕ್ಕೂ ಗುರುತು.

ತೊಡಕಾದದ್ದು ಘೇಂಡಾಮೃಗದಲ್ಲಿ. ಎರಡು ಘೇಂಡಾಮೃಗ ಸಿಕ್ಕವು, ಎರಡಕ್ಕೂ ಕೊಂಬಿಲ್ಲ. ಕಳ್ಳಬೇಟೆಗಾರರು ಕೊಂಬಿಗಾಗಿ ಕೊಲ್ಲುತ್ತಾರೆಂದು ಕಾಡಿನವರೇ ಪ್ರಾಣಿಗೆ ಅರಿವಳಿಕೆ ಕೊಟ್ಟು ಕೊಂಬು ಕತ್ತರಿಸಿಬಿಡುತ್ತಾರೆ. ಅದು ನಮ್ಮ ಉಗುರಿನದೇ ವಸ್ತು, ಮತ್ತೆ ಬೆಳೆಯುತ್ತದೆ. ಗಾಡಿಯವನು ಇದನ್ನು ಹೇಳುವಾಗ ಮಕ್ಕಳಿಬ್ಬರೂ ಫೋನು ಕೆಳಗಿಟ್ಟು ಕೇಳಿದರು. ಎಷ್ಟು ಕೊಂಬು, ಎಲ್ಲಿ ಮಾರುತ್ತಾರೆ, ಯಾರು ಕೊಳ್ಳುತ್ತಾರೆ ಎಂದು ಮಗಳು ಸಾಲು ಪ್ರಶ್ನೆ ಹಾಕಿದಳು. ಶೆಟ್ರು ಅದಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಗುರುತು ಹಾಕಿ, ಪಕ್ಕದಲ್ಲಿ 'ಡ್ಯಾಮೇಜ್ಡ್ ಕಂಡೀಷನ್' ಎಂದು ಷರಾ ಬರೆದರು.

ಕಾಲ್ನಡಿಗೆಯೂ ಆಯಿತು. ಕ್ರೂಗರ್‌ನಲ್ಲಿ ಬಂದೂಕುಧಾರಿಗಳ ಜೊತೆ ಕಾಡಿನಲ್ಲಿ ನಡೆಯಲು ಹನ್ನೆರಡು ತುಂಬಿರಬೇಕು, ಮಗ ದೊಡ್ಡವನಾಗುವವರೆಗೆ ಶೆಟ್ರು ಕಾದದ್ದೇ ಇದಕ್ಕೆ. ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಓಡಬಾರದು, ಮಾತಾಡಬಾರದು. ಮಾತಾಡಬಾರದೆಂಬ ನಿಯಮ ಮಕ್ಕಳಿಗೆ ಭಾರವಾಗಲಿಲ್ಲ, ಅಪ್ಪನೆದುರು ಅವರು ಅದನ್ನು ಬಹಳ ಕಾಲದಿಂದ ಪಾಲಿಸಿಕೊಂಡು ಬಂದವರು. ಬಂದೂಕಿನವನು ಮೂರು ಸಲ ತಿರುಗಿ ನೋಡಿದ್ದು ಶೆಟ್ರನ್ನು.

ಚಕ್ಕುಲಿಯ ಡಬ್ಬಿಯ ಕಥೆಯನ್ನು ಹೇಳಬೇಡಿ ಎಂದು ಶೆಟ್ರ ಹೆಂಡತಿ ಕೇಳಿಕೊಂಡಿದ್ದಾರೆ. ಬಿಡಾರದ ಜಗಲಿಯಲ್ಲಿ ಒಂದು ನಿಮಿಷ ಇಟ್ಟಿದ್ದರು, ವರ್ವೆಟ್ ಕೋತಿ ಮುಚ್ಚಳ ತೆಗೆದು ಕೊಂಡೊಯ್ಯಿತು ಎನ್ನುವಷ್ಟಕ್ಕೆ ನಿಲ್ಲಿಸುತ್ತೇನೆ.

ಇನ್ನು ಉಳಿದದ್ದು ಚಿರತೆ. ಕ್ರೂಗರ್ ಎಂದರೆ ಸುಮಾರು ಇಪ್ಪತ್ತು ಸಾವಿರ ಚದರ ಕಿಲೋಮೀಟರ್, ಟಾರು ರಸ್ತೆಯಲ್ಲಿ ಐವತ್ತರ ಮೇಲೆ ಓಡಿಸುವಂತಿಲ್ಲ, ಗಾಡಿಯಿಂದ ಇಳಿಯುವಂತಿಲ್ಲ. ಕೊನೆಯ ದಿನ ಬಾಡಿಗೆ ಕಾರಿನಲ್ಲಿ ಶೆಟ್ರು ಒಂದೊಂದು ಮರದ ಕೊಂಬೆಯನ್ನೂ ತಪಾಸಣೆ ಮಾಡುತ್ತ ಹೋಗುತ್ತಿರುವಾಗ ಮಗಳು ಕಿರುಚಿದಳು. ರಸ್ತೆಯ ಕೆಳಗಿನ ಮೋರಿಯ ಪೈಪಿನಿಂದ ಒಂದು ಮರಿ ಇಣುಕುತ್ತಿತ್ತು. ಕತ್ತೆಕಿರುಬ. ಅಲ್ಲಿನ ಕತ್ತೆಕಿರುಬಗಳು ಇಂಥ ಮೋರಿಯಲ್ಲೇ ಸಂಸಾರ ಹೂಡುವುದುಂಟು. ಒಂದರ ಹಿಂದೆ ಇನ್ನೊಂದು ಮರಿ ಬಂತು, ಆಮೇಲೆ ತಾಯಿ. ಮರಿಗಳು ಕಾರಿನ ಟೈರು ಮೂಸಿದವು. ಮಗ ತಿನ್ನುತ್ತಿದ್ದುದನ್ನು ನಿಲ್ಲಿಸಿದ. ಕತ್ತೆಕಿರುಬಗಳಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು, ಹೆಣ್ಣಿನದೇ ಯಜಮಾನಿಕೆ, ಗಂಡು ತಲೆ ತಗ್ಗಿಸಿ ಕೊನೆಯಲ್ಲಿ ಉಣ್ಣಬೇಕು ಎಂದು ಮಗಳು ಫೋನಿನಲ್ಲಿ ಓದಿ ಹೇಳಿದಳು. ಹೆಂಡತಿ ಆ ಇಡೀ ಪ್ರವಾಸದಲ್ಲಿ ಮೊದಲ ಬಾರಿಗೆ, "ಎಲ್ಲಿ, ನಾನೂ ಕಾಣ್ತೆ" ಎಂದು ಕಿಟಕಿಗೆ ಬಗ್ಗಿದರು.

"ಇದು ಲಿಸ್ಟಂಗಿಲ್ಲ" ಎಂದರು ಶೆಟ್ರು. "ಗೇಟು ಮುಚ್ಚುವುದರೊಳಗೆ ಚಿರತೆ ಆಯ್ಕ್."

"ಪಪ್ಪಾ, ಆ ಲಿಸ್ಟ್ ಮಾಡಿದ್ದು ಬೇಟೆಯವರು. ನಡ್ಕೊಂಡು ಹೋಗಿ ಹೊಡೆಯೋಕೆ ಕಷ್ಟ ಇದ್ದ ಐದು ಪ್ರಾಣಿ. ನಾವು ಹೊಡೀಲಿಕ್ಕೆ ಬಂದದ್ದಾ?"

ಇದಕ್ಕೆ ಶೆಟ್ರ ಹತ್ತಿರ ಉತ್ತರವಿರಲಿಲ್ಲ, ಪೆನ್ನಿತ್ತು. ಕಾರು ಮಾತ್ರ ಮುಂದೆ ಹೋಗಲಿಲ್ಲ. ಮೂವರೂ ಒಂದೇ ಕಿಟಕಿಯಲ್ಲಿ ಸೇರಿಕೊಂಡು ಮರಿಗಳ ಜಗಳ ನೋಡುತ್ತಿದ್ದರು, ಮಕ್ಕಳು ಪರಸ್ಪರ ಬೈದುಕೊಳ್ಳದೆ ಮಾತಾಡುತ್ತಿದ್ದರು. ಶೆಟ್ರು ಇನ್ನೊಂದು ಕಿಟಕಿಯಲ್ಲಿ ಒಬ್ಬರೇ ಕೂತು ಖಾಲಿ ಮರಗಳನ್ನು ಕಾವಲು ಕಾದರು. ಪಟ್ಟಿಯಲ್ಲಿಲ್ಲದ ಪೆಟ್ಟಿಗೆ ಇಳಿದರೆ ಏನು ಮಾಡಬೇಕೆಂದು ಅವರ ಆಫೀಸಿನಲ್ಲಿ ನಿಯಮವಿದೆ: ಮುಟ್ಟಬಾರದು, ಯಾರದೋ ಬಂದಿರುತ್ತದೆ.

ಚಿರತೆ ಬರಲಿಲ್ಲ. ಶಾರ್ಟ್ ಲ್ಯಾಂಡಿಂಗ್. ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಶೆಟ್ರು ಅನ್ನ ನೀರು ಬಿಟ್ಟವರಂತೆ ಕೂತಿದ್ದರು. ಉಳಿದ ರ‍್ಯಾಂಡ್ ನೋಟುಗಳಲ್ಲಿ ಬರ್ಗರ್ ತರಲು ಹೊರಟ ಮಗ ಅರ್ಧದಾರಿಯಿಂದ ತಿರುಗಿ ಬಂದ. ಹತ್ತರ ನೋಟಿನಲ್ಲಿ ಘೇಂಡಾಮೃಗ, ಇಪ್ಪತ್ತರಲ್ಲಿ ಆನೆ, ಐವತ್ತರಲ್ಲಿ ಸಿಂಹ, ನೂರರಲ್ಲಿ ಕೋಣ. ಇನ್ನೂರರಲ್ಲಿ ಚಿರತೆ. "ಪಪ್ಪಾ, ನೋಡಿ, ಸಿಕ್ಕಿತು. ಘೇಂಡಾಮೃಗಕ್ಕೆ ಕೊಂಬೂ ಉಂಟು." ಶೆಟ್ರು ನೋಟನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಪಟ್ಟಿ ತೆಗೆದು ಐದನೆಯ ಗುರುತು ಹಾಕಿದರು. ಮಗನಿಗೆ ಬರ್ಗರ್ ಸಿಗಲಿಲ್ಲ, ಆ ನೋಟು ದಾಖಲೆಯಾಗಿ ಫೈಲಿಗೆ ಹೋಯಿತು.

ಈಗ ಮೀನು ಮಾರುಕಟ್ಟೆಯಲ್ಲಿ ಅವರ ಮಾತು, "ಐದಕ್ಕೆ ಐದೂ ಆಯ್ತ್." ಯಾರಾದರೂ ಮಕ್ಕಳಿಗೆ ಹೇಗನಿಸಿತು ಎಂದು ಕೇಳಿದರೆ ಎಕ್ಸೆಲ್ ಹಾಳೆ ಕಳಿಸುತ್ತಾರೆ. ಕಳೆದ ಶನಿವಾರ ಸಿಕ್ಕಾಗ ಅವರ ತಲೆ ರುವಾಂಡಾದಲ್ಲಿತ್ತು. ಬೆಟ್ಟದ ಗೊರಿಲ್ಲಾ. ಪರವಾನಗಿ ತಲೆಗೆ 1,500 ಡಾಲರ್, ಗೊರಿಲ್ಲಾದ ಎದುರು ಇರಲು ಬಿಡುವುದು ಒಂದೇ ಗಂಟೆ.

"ನಾಲ್ಕು ಜನಕ್ಕೆ ನಿಮಿಷಕ್ಕೆ ನೂರು ಡಾಲರ್ ಬಿತ್ತಲ್ಲ ಶೆಟ್ರೆ!" ಎಂದೆ.

"ಆದ್ರೆ ಲಿಸ್ಟಂಗೆ ಒಂದೇ ಐಟಮ್ ಕಾಣಿ. ಶಾರ್ಟ್ ಆಪ್ಕೇ ಸಾಧ್ಯ ಇಲ್ಲೆ." ಸ್ವಲ್ಪ ತಡೆದು, "ಹದ್ನೈದು ತುಂಬಿರ್ಕಂಬ್ರ್. ಮಗನಿಗೆ ಇನ್ನೂ ಎರಡು ವರ್ಷ ಉಂಟು" ಎಂದರು.

ಮೀನಿನ ಚೀಲ ಹಿಡಿದು ಹಿಂದೆ ನಿಂತಿದ್ದ ಮಗ ಫೋನಿನಿಂದ ತಲೆ ಎತ್ತದೆ ಹೇಳಿದ: "ನನಗೆ ಹದಿನೈದು ಆಗೋದು ಬೇಡ."