ಪೂಲಿನ ಯಜಮಾನರು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹುದ್ದೆ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು; ಮಾಡುವುದು ಅವಿಭಕ್ತ ಕುಟುಂಬದ ಯಜಮಾನಿಕೆ. ಹೊಸ ಡೆವಲಪರ್ ಬಂದು "ಸರ್, ನಮ್ಮ ಡೇಟಾಬೇಸ್ ಸ್ಲೋ ಆಗಿದೆ, ಸ್ವಲ್ಪ ಜಾಸ್ತಿ ಕೊಡ್ತೀರಾ?" ಅಂದರೆ, ಗ್ರಾಫಿನಿಂದ ಕಣ್ಣು ಕೀಳದೆ "ಇಂಡೆಕ್ಸ್ ಹಾಕಿದ್ದೀರಾ?" ಅನ್ನುತ್ತಾರೆ. ಹಾಕಿದ್ದೇವೆ ಅಂದರೆ "ಯಾವ ಕಾಲಮ್ಮಿಗೆ?" ಅಷ್ಟಕ್ಕೆ ಬಂದವರು ವಾಪಸ್ಸು. ಆಫೀಸಿನಲ್ಲಿ ಇವರಿಗೆ ಜುಗ್ಗ ಎಂಬ ಬಿರುದು ಖಾಯಂ. ಆದರೆ ಹಲವು ಡೇಟಾಬೇಸುಗಳು ಒಂದೇ ಶಕ್ತಿಯನ್ನು ಹಂಚಿಕೊಳ್ಳುವ ಪೂಲ್ ಅಗ್ಗವಾಗಿ ನಡೆಯುತ್ತಿರುವುದೇ ಈ ಜುಗ್ಗತನದ ಮೇಲೆ ಎಂಬುದನ್ನು ಬಿರುದು ಕೊಟ್ಟವರು ಲೆಕ್ಕ ಹಾಕಿದಂತಿಲ್ಲ.

ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿರುವ ಎಲಾಸ್ಟಿಕ್ ಪೂಲನ್ನೇ ನೋಡಿ. 20 ಗ್ರಾಹಕರು, ಒಬ್ಬೊಬ್ಬರಿಗೆ ಒಂದೊಂದು ಡೇಟಾಬೇಸ್, ಕೆಲಸ ಏರಿದಾಗ ಪ್ರತಿಯೊಂದಕ್ಕೂ 100 ಡಿಟಿಯು (ಡೇಟಾಬೇಸ್ ಶಕ್ತಿಯನ್ನು ಅಳೆಯುವ ಯೂನಿಟ್) ಬೇಕು. ಬೇರೆಬೇರೆ ಇಟ್ಟರೆ 2,000ಕ್ಕೆ ದುಡ್ಡು ಕಟ್ಟಬೇಕು. ಹಸಿವು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಆಗುವುದಾದರೆ 100ರ ಒಂದೇ ಪೂಲ್ ಸಾಕು. ಪೂಲಿನ ಯೂನಿಟ್ಟಿಗೆ ಒಂದೂವರೆ ಪಟ್ಟು ದರ. ಆದರೂ ಖರ್ಚು ಸುಮಾರು 13ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫೈನಾನ್ಸ್‌ನವರು ಕುಣಿದಾಡುವುದು ಇಲ್ಲಿಯವರೆಗಿನ ಲೆಕ್ಕ ಕೇಳಿ. ಯಜಮಾನರ ನಿದ್ದೆಗೆಡಿಸುವುದು "ಒಂದೊಂದು ಹೊತ್ತಿಗೆ ಆಗುವುದಾದರೆ" ಎಂಬ ಆ ಒಂದು ಷರತ್ತು. 20 ಜನರೂ ಜಿಎಸ್‌ಟಿ ಲೆಕ್ಕ ಬರೆಯುವವರೇ ಆಗಿದ್ದರೆ? 3ಬಿ ರಿಟರ್ನಿಗೆ ತಿಂಗಳ 20ನೇ ತಾರೀಖು ಕಡೇ ದಿನ. ನಮ್ಮ ಜನ 19ರ ರಾತ್ರಿಗೆ ಮುಂಚೆ ಎಂದಾದರೂ ಎದ್ದಿದ್ದುಂಟೇ? ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಡೇಟಾಬೇಸುಗಳು ಒಟ್ಟಿಗೇ ತುದಿ ಮುಟ್ಟಿದರೆ ಪೂಲಿನಲ್ಲಿ ಉಳಿತಾಯವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಅದಕ್ಕೇ ಯಜಮಾನರು ಲೆಕ್ಕಪತ್ರದವರ ಪಕ್ಕ ಕ್ಲಿನಿಕ್ಕಿನವರನ್ನೂ, ಸಂಬಳದವರ ಪಕ್ಕ ಶಾಲೆಯವರನ್ನೂ ಕೂರಿಸುತ್ತಾರೆ. ಇವರಿಗೆ ಪಂಚಾಂಗ ಗೊತ್ತಿರುವಷ್ಟು ಪುರೋಹಿತರಿಗೂ ಗೊತ್ತಿರಲಾರದು.

ಒಬ್ಬನ ಕೆಟ್ಟ ಕ್ವೆರಿಗೆ ಮಿಕ್ಕವರು ಯಾಕೆ ಉಪವಾಸ ಬೀಳಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ರತಿ ಡೇಟಾಬೇಸಿಗೂ ಗರಿಷ್ಠ ಮಿತಿ ಕಟ್ಟಲು ಬರುವುದು ಅದಕ್ಕಾಗಿ. ಹಾಗಾದರೆ ಎಲ್ಲರಿಗೂ ಧಾರಾಳವಾಗಿ ಕನಿಷ್ಠವನ್ನೂ ಬರೆದುಕೊಡಿ ಎಂದು ಸೇಲ್ಸ್‌ನವರು ಹಟ ಹಿಡಿಯುತ್ತಾರೆ, ಗ್ರಾಹಕರಿಗೆ ಮಾತು ಕೊಟ್ಟಾಗಿರುತ್ತದಲ್ಲ! ಕನಿಷ್ಠಗಳ ಮೊತ್ತ ಪೂಲನ್ನು ಮೀರುವಂತಿಲ್ಲ; ಎಲ್ಲರ ಪಾಲನ್ನೂ ಮೊದಲೇ ತೆಗೆದಿಟ್ಟರೆ ಹಂಚಿಕೊಳ್ಳಲು ಉಳಿಯುವುದೇನು? ಇನ್ನು ಜಾಗದ ವಿಷಯದಲ್ಲಂತೂ ಇವರನ್ನು ಸಂಶಯಪಿಶಾಚಿ ಅಂದರೂ ತಪ್ಪಿಲ್ಲ. 'ಆರ್ಡರ್ಸ್_ಬ್ಯಾಕಪ್_ಫೈನಲ್_2' ಎಂಬ ಟೇಬಲ್ ಕಣ್ಣಿಗೆ ಬಿದ್ದರೆ ಅದರ ಜನಕನನ್ನು ಮಹಡಿ ಮಹಡಿ ಹುಡುಕುತ್ತಾರೆ. ಅತಿಯಾಯಿತು ಅನ್ನುವವರು ಇದನ್ನು ಗಮನಿಸಬೇಕು: ಪೂಲಿನ ಒಟ್ಟು ಜಾಗ ಭರ್ತಿಯಾದರೆ ಒಳಗಿರುವ ಅಷ್ಟೂ ಡೇಟಾಬೇಸುಗಳು ಓದಲು ಮಾತ್ರ ಉಳಿಯುತ್ತವೆ. ತಪ್ಪು ಒಬ್ಬನದು, ಬಿಲ್ ಹಾಕಲಾಗದೆ ಕೂರುವವರು ಎಲ್ಲರೂ.

ಹಾಗೆಂದು ಇವರು ಯಾರನ್ನೂ ಕಟ್ಟಿಹಾಕುವವರಲ್ಲ. ಹಗಲೂ ರಾತ್ರಿ ಮಿತಿಗೆ ತಾಗಿಕೊಂಡೇ ಓಡುವ ಗ್ರಾಹಕ ಪೂಲಿನಲ್ಲಿರುವುದು ಯಾರಿಗೂ ಲಾಭವಲ್ಲವೆಂದು ಮೊದಲು ಹೇಳುವವರೂ ಇವರೇ, ಬೇರೆ ಮನೆ ಮಾಡಿಕೊಡುವವರೂ ಇವರೇ. ಸ್ಥಳಾಂತರದ ಕೊನೆಯಲ್ಲಿ ಸಂಪರ್ಕ ಕ್ಷಣಕಾಲ ಕಡಿಯುತ್ತದೆ. ಆ ಕ್ಷಣಕ್ಕಾಗಿ ಹದಿನೈದು ದಿನ ಮೊದಲು ಮೇಲ್, ವಾರ ಮೊದಲು ನೆನಪೋಲೆ, ಹಿಂದಿನ ದಿನ ಮತ್ತೊಂದು. ಮೂರನ್ನೂ ಓದದವರು ಮರುದಿನ ಟಿಕೆಟ್ ಹಾಕುತ್ತಾರೆ.