ಪೆಡಲ್-ಪತನ-ಮೀಮಾಂಸೆ

ಮನುಷ್ಯನ ಅಧಃಪತನವನ್ನು ಕುರಿತು ನಮ್ಮ ಪೂರ್ವಿಕರು ರಚಿಸಿದ ಗ್ರಂಥಗಳಿಗೆ ಲೆಕ್ಕವಿಲ್ಲ. ಆದರೆ ಆ ಮನುಷ್ಯನ ಬಲಪಾದದಡಿಯ ಬ್ರೇಕ್ ಪೆಡಲಿನ ಅಧಃಪತನವನ್ನು ಕುರಿತು ಒಂದು ತಾಳೆಗರಿಯೂ ಉಪಲಬ್ಧವಿಲ್ಲದಿರುವುದು ಶಾಸ್ತ್ರಪ್ರಪಂಚದ ಮಹಾಲೋಪವೆಂದು ಭಾವಿಸಿ, ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೂಲಿಬೆಲೆಯ ನಿವಾಸಿಯಾದ ನಾನು, ನನ್ನ ವಿದ್ಯುತ್ ಕಾರನ್ನೇ ಪ್ರಮೇಯವಾಗಿಟ್ಟುಕೊಂಡು ಈ ಕಿರುಗ್ರಂಥಕ್ಕೆ ಕೈಹಾಕಿದ್ದೇನೆ. ಗ್ರಂಥಾರಂಭದಲ್ಲಿ ದೇವತಾಸ್ಮರಣೆ ಸಂಪ್ರದಾಯವಷ್ಟೆ. ದೇವನಹಳ್ಳಿ ರಸ್ತೆಯ ಹಂಪಿನ ಮುಂದೆ ಪೆಡಲು ಸರ್ರನೆ ಕೆಳಗಿಳಿದ ಕ್ಷಣದಲ್ಲಿ ಅದು ತಾನಾಗಿಯೇ ನೆರವೇರಿತು.

ಮೊದಲು ಲಕ್ಷಣನಿರೂಪಣೆ. ಒತ್ತಿದೊಡನೆ ಹುದುಗಿದ ದೋಸೆಹಿಟ್ಟಿನಂತೆ ಮೆತ್ತಗೆ ಕುಗ್ಗುವುದು ಮಾರ್ದವ. ಒತ್ತಿ ಹಿಡಿದಿರುವಾಗಲೇ, ಸಭೆಯಲ್ಲಿ ತೂಕಡಿಸುವ ಅಧ್ಯಕ್ಷರ ತಲೆಯಂತೆ, ಇಂಚಿಂಚಾಗಿ ಇಳಿಯುತ್ತ ಹೋಗುವುದು ನಿಮಜ್ಜನ. ಇವೆರಡನ್ನೂ ಒಂದೇ ಎನ್ನುವವರು ನೆಗಡಿಗೂ ಕ್ಷಯಕ್ಕೂ ಒಂದೇ ಕಷಾಯ ಕೊಡುವ ವೈದ್ಯರ ಪಂಕ್ತಿಗೆ ಸೇರಿದವರು. ಎರಡರಲ್ಲಿ ಯಾವುದೇ ಕಾಣಿಸಿದರೂ ಮುಂದಿನ ವಿಚಾರವನ್ನೆಲ್ಲ ಗಾಡಿ ನಿಂತಲ್ಲೇ ನಡೆಸತಕ್ಕದ್ದು. ಚಲಿಸುತ್ತ ಮೀಮಾಂಸೆ ಮಾಡಿದವರು ಗ್ರಂಥವನ್ನು ಪೂರ್ಣಗೊಳಿಸುವ ಸಂಭವ ಕಡಿಮೆ.

ನಮ್ಮ ಅರಳೀಕಟ್ಟೆಯಲ್ಲಿ ಈ ವಿಷಯವಾಗಿ ಪ್ರಬಲವಾದ ಪೂರ್ವಪಕ್ಷವೆಂದರೆ ವಿದ್ಯುದ್ವಾದ. "ಕರೆಂಟ್ ಗಾಡಿ ಅಲ್ವೇನಪ್ಪ, ಬ್ಯಾಟ್ರಿ ವೀಕ್ ಆಗೈತೆ, ಅಷ್ಟೇಯ" ಎಂಬುದು ಈ ಪಂಥದ ಮೂಲಸೂತ್ರ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ವಿದ್ಯುತ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಮೋಟಾರೇ ಜನರೇಟರಾಗಿ, ಚಕ್ರದ ವೇಗವನ್ನು ಹೀರಿ ಬ್ಯಾಟರಿಗೆ ಉಣಿಸುತ್ತದೆ. ಆದರೆ ರಾತ್ರಿಯೆಲ್ಲ ಚಾರ್ಜಾಗಿ ಹೊಟ್ಟೆ ಬಿರಿಯುವಂತಿರುವ ಬ್ಯಾಟರಿಯು, ಮದುವೆಯೂಟದ ಕೊನೆಯ ಹೋಳಿಗೆಯನ್ನು ಬೇಡವೆನ್ನುವ ಬೀಗರಂತೆ, ಮುಂಜಾನೆಯ ಮೊದಲ ಕೆಲವು ಮೈಲಿ ಆ ತುತ್ತನ್ನು ಒಲ್ಲೆನೆನ್ನುವುದರಿಂದ, ಗಾಡಿ ಎಂದಿನಂತೆ ನಿಧಾನಗೊಳ್ಳದೆ ಚಾಲಕನಿಗೆ ಬ್ರೇಕೇ ಸೊರಗಿತೆಂಬ ಭ್ರಾಂತಿ ಉಂಟಾಗುತ್ತದೆ. ಅದು ಭ್ರಾಂತಿ ಮಾತ್ರ; ಅಲ್ಲಿ ಪೆಡಲು ನೆಲಕ್ಕಿಳಿಯುವುದಿಲ್ಲ. ಎರಡನೆಯದು ಬೂಸ್ಟರ್‌ವಾದ. ಪೆಟ್ರೋಲ್ ಎಂಜಿನ್ನು ಒದಗಿಸುತ್ತಿದ್ದ ನಿರ್ವಾತವನ್ನು ಇಲ್ಲಿ ಒಂದು ಪುಟ್ಟ ವಿದ್ಯುತ್ ಪಂಪು ಒದಗಿಸುವುದೂ, ಕೆಲವು ಗಾಡಿಗಳಲ್ಲಿ ಆ ಕೆಲಸವನ್ನೇ ಮೋಟಾರೊಂದು ವಹಿಸಿಕೊಳ್ಳುವುದೂ ನಿಜವೇ. ಆದರೆ ಆ ಸಹಾಯ ತಪ್ಪಿದರೆ ಪೆಡಲು ಕಲ್ಲಾಗುತ್ತದೆಯೇ ಹೊರತು ಬೆಣ್ಣೆಯಾಗುವುದಿಲ್ಲ. ಹೀಗೆ ಎರಡನೆಯ ವಾದವೂ ನಿರಸ್ತವಾಯಿತು.

ಹಾಗಾದರೆ ಸಿದ್ಧಾಂತವೇನು? ವಿದ್ಯುತ್ ಕಾರಿನ ಬ್ರೇಕಿನಲ್ಲಿ ಅತ್ಯಂತ ನವೀನವಾದುದು ವಿದ್ಯುತ್ತು; ಕೆಟ್ಟಿರುವುದು ಬಹುತೇಕ ಅತ್ಯಂತ ಪುರಾತನವಾದುದು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲ್ ಮಹಾಶಯನ ಸಿದ್ಧಾಂತವಿರುವ ಗ್ರಂಥ, ಆತ ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ನಮ್ಮ ಪಾದಕ್ಕೂ ಚಕ್ರಕ್ಕೂ ನಡುವಿನ ರಾಯಭಾರ ಇಂದಿಗೂ ಆ ನಿಯಮದ ಮೇಲೆಯೇ ನಡೆದಿದೆ. ವಿದ್ಯುತ್ ಕಾರೇನೂ ಈ ಸೀಮೆಗೆ ನಿನ್ನೆ ಬಂದ ಪರದೇಶಿಯಲ್ಲ; ಚೇತನ್ ಮೈನಿಯವರ ರೇವಾ ಬೊಮ್ಮಸಂದ್ರದಲ್ಲಿ ಹುಟ್ಟಿ, 2001ರಲ್ಲಿ ರಸ್ತೆಗಿಳಿದು, ಆಮೇಲೆ ಲಂಡನ್ನಿನಲ್ಲಿ ಜಿ-ವಿಜ್ ಎಂಬ ನಾಮಾಂತರದಿಂದ ಓಡಾಡಿತು. ಅದರ ಚಕ್ರವನ್ನು ಹಿಡಿದು ನಿಲ್ಲಿಸುತ್ತಿದ್ದುದೂ ಬ್ರೇಕ್ ಆಯಿಲೇ.

ಈ ಆಯಿಲು ಸ್ವಭಾವತಃ ಜಲಲೋಲುಪ. ಡಾಟ್ 4 ಎಂಬ ಜಾತಿಯದು ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ವಿಧಿ. ಗಾಳಿಯ ತೇವವನ್ನು ಹೀರಿ ಮುದಿಯಾದ ಮೇಲೆ ಆ ಮಿತಿ 155ಕ್ಕಿಳಿಯುತ್ತದೆ. ಅಂಥ ಆಯಿಲನ್ನಿಟ್ಟುಕೊಂಡು ನಂದಿಬೆಟ್ಟವನ್ನು ಬ್ರೇಕೊತ್ತುತ್ತಲೇ ಇಳಿದರೆ, ಕೊಳವೆಯೊಳಗೆ ಆವಿಯ ಗುಳ್ಳೆಗಳೆದ್ದು, ದ್ರವದಂತಲ್ಲದೆ ಸಂಕೋಚಶೀಲವಾದ ಆ ಗುಳ್ಳೆಗಳು ನಮ್ಮ ಪಾದಬಲವನ್ನೆಲ್ಲ ನುಂಗಿಬಿಡುತ್ತವೆ. ನಾನು ಬೆಟ್ಟಕ್ಕೆ ಹೋಗಿರಲಿಲ್ಲ. ವಿಜಯಪುರಕ್ಕೆ ಹೋಗಿಬಂದಿದ್ದೆ, ದಾರಿಯುದ್ದಕ್ಕೂ ರಾಗಿ ಹೊಲ, ಸಪಾಟು ನೆಲ.

ಆದುದರಿಂದ ಪರೀಕ್ಷೆಗೆ ತೊಡಗಿದೆ. ಪೆಡಲನ್ನು ಪಟಪಟನೆ ನಾಲ್ಕು ಬಾರಿ ಒತ್ತಿದಾಗ ಅದು ಎತ್ತರಕ್ಕೆ ಬಂದು ಗಟ್ಟಿಯಾದರೆ ಕೊಳವೆಯಲ್ಲಿ ಗಾಳಿ ಇದೆಯೆಂದೋ, ಹಿಂದಿನ ಡ್ರಮ್ಮಿನ ಲೈನರ್ ಸಡಿಲವಾಗಿದೆಯೆಂದೋ ಅನುಮಾನಪ್ರಮಾಣ. ನನ್ನದು ಗಟ್ಟಿಯಾಗಲಿಲ್ಲ. ಹದವಾಗಿ ಒತ್ತಿ ಹಿಡಿದು ಅರ್ಧ ನಿಮಿಷ ಕಾದೆ, ಇಳಿಯಿತು. ಬಾನೆಟ್ ತೆಗೆದು ನೋಡಿದರೆ ಆಯಿಲ್ ಡಬ್ಬಿಯ ಮಟ್ಟ ಗೆರೆಯಲ್ಲೇ ಇದೆ. ನಾಲ್ಕೂ ಟೈರಿನ ಒಳಮೈ ಒಣಗಿದೆ. ಮ್ಯಾಟೆತ್ತಿ ಪೆಡಲಿನ ಬುಡವನ್ನು ಸವರಿದರೆ ಬೆರಳಿಗೆ ಜಿಡ್ಡಿಲ್ಲ, ಮೊಮ್ಮಗನ ಕಳೆದುಹೋದ ಪೆನ್ಸಿಲ್ ಮಾತ್ರ ಇತ್ತು. ಹೊರಗೆಲ್ಲೂ ಸೋರಿಲ್ಲ, ಆದರೂ ಒತ್ತಡ ನಿಲ್ಲುತ್ತಿಲ್ಲವೆಂದರೆ, ಅದು ಒಳಗೊಳಗೇ ನುಸುಳುತ್ತಿರಬೇಕು. ಇದಕ್ಕೆ ಅಂತಃಸ್ರಾವವೆಂದು ಹೆಸರಿಟ್ಟು, ಪಾರಿಭಾಷಿಕ ಪದವೊಂದನ್ನು ಸೃಷ್ಟಿಸಿದ ಹೆಮ್ಮೆಯಿಂದ ಮೆಕ್ಯಾನಿಕ್ಕನನ್ನು ಮನೆಗೇ ಕರೆಸಿದೆ.

ಆತ ಕಾಲಿಟ್ಟು ಒಮ್ಮೆ ಒತ್ತಿ, "ಮಾಸ್ಟರ್ ಸಿಲಿಂಡರ್ ಬಕೆಟ್ ಹೋಗೈತೆ ಸಾರ್" ಎಂದ. ನನ್ನ ಮೂರು ದಿನದ ತರ್ಕ ಐದು ಪದಗಳಲ್ಲಿ ಮುಗಿಯಿತು. ಬಕೆಟ್ ಎಂದರೆ ನೀರು ಸೇದುವುದಲ್ಲ, ಪಿಸ್ಟನ್ನಿಗೆ ತೊಡಿಸಿದ ಹೆಬ್ಬೆರಳ ಗಾತ್ರದ ರಬ್ಬರ್ ಬಟ್ಟಲು. ಅದರ ಅಂಚು ಸವೆದಿತ್ತು.

ಸಿಲಿಂಡರನ್ನೇ ಬದಲಿಸಿದ ಮೇಲೆ ಗಾಳಿ ತೆಗೆಯುವ ಕರ್ಮ. ಅವನ ಹುಡುಗ ಒಳಗೆ ಕುಳಿತ; ಇವನು ಎಡಹಿಂಬದಿಯ ಚಕ್ರದ ಬಳಿ ಮಲಗಿ, ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ತುಂಬಿದ ಬಾಟಲಿಯಲ್ಲಿ ಮುಳುಗಿಸಿದ. "ಒತ್ತು... ಹಿಡ್ಕೊ... ಬಿಡಬ್ಯಾಡ ಲೇ... ಹಾಂ, ಬಿಡು." ಪ್ರತಿ ಆವರ್ತನೆಗೂ ಗುಳುಗುಳು ಗುಳ್ಳೆ. ಕಟ್ಟೆಯಿಂದೆದ್ದು ಬಂದು ನೋಡುತ್ತಿದ್ದ ವಾಯುವಾದಿಯೊಬ್ಬರು, "ನಾನ್ ಹೇಳ್ಲಿಲ್ವಾ, ಗಾಳಿ!" ಎಂದು ವಿಜಯಘೋಷ ಮಾಡಿದರು. ಸಿಲಿಂಡರ್ ಬಿಚ್ಚಿದಾಗ ಹೊಕ್ಕ ಗಾಳಿ ಅದೆಂದೂ, ಕಾರ್ಯವನ್ನೇ ಕಾರಣವೆಂದು ಭ್ರಮಿಸಬಾರದೆಂದೂ ನಾನು ಪ್ರತಿಪಾದಿಸುತ್ತಿರುವಾಗ ಅವರು ಮನೆಗೆ ಹೊರಟುಹೋಗಿದ್ದರು. ಇಂದಿಗೂ ಕಟ್ಟೆಯಲ್ಲಿ ಅವರ ಭಾಷ್ಯವೇ ಪ್ರಚಲಿತ.

ಕೊನೆಗೆ ನಮ್ಮ ಅತ್ತೆಯವರು, ಇಷ್ಟೆಲ್ಲ ಆದಮೇಲೆ ದೃಷ್ಟಿ ತೆಗೆಯದೆ ಗಾಡಿ ಹೊರಡಕೂಡದೆಂದು, ಮುಂದಿನ ಚಕ್ರದಿಂದ ಗೇಣು ದೂರದಲ್ಲಿ ನಿಂಬೆಹಣ್ಣಿಟ್ಟರು. ಗಾಡಿ ಕದಲಿದೊಡನೆ ನಾನು ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಕಾಲಿಟ್ಟೆ. ಗಾಡಿ ಅಲ್ಲಿಯೇ ನಿಂತಿತು. ಇಳಿದು ನೋಡಿದರೆ ಟೈರಿಗೂ ನಿಂಬೆಹಣ್ಣಿಗೂ ನಡುವೆ ಒಂದು ಬೆರಳಿನ ಅಂತರ. "ಏನು ನಿಲ್ಲಿಸ್ತೀರಿ, ಹತ್ತಿಸಿ!" ಎಂದು ಅತ್ತೆಯವರು ಗದರಿದರು.