ಪಟ್ಟು ಬಿಡದ ಪಟ್ಟಿ

ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆ.ಜಿ. ಇರುತ್ತದೆ, ಕಬ್ಬಿಣದ ತೂಕ ಬೇರೆ. "ಎತ್ತಬೇಡಿ, ಉರುಳಿಸಿಕೊಂಡು ಬನ್ನಿ" ಎಂದು ನನ್ನವಳು ಹೇಳಿ ಮುಗಿಸುವಷ್ಟರಲ್ಲಿ ನಾನು ಎತ್ತಿಯೂ ಆಗಿತ್ತು, ಸೊಂಟ ಹಿಡಿದುಕೊಂಡೂ ಆಗಿತ್ತು.

ಮಾರನೇ ದಿನವೇ ಅವಳ ಅಣ್ಣನ ಮಗಳ ಮದುವೆ. ಮುಲಾಮು ಹಚ್ಚಿದರೆ ಹೊಸ ಅಂಗಿಗೆ ಕಲೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ಗೀಟಿ ಏನೂ ಕೇಳದೆ ಮೆಂಥಾಲ್ ಪಟ್ಟಿಯ ಪೊಟ್ಟಣ ಕೊಟ್ಟ. "ವಾಸನೆ ಬರಲ್ಲ ತಾನೇ?" ಎಂದೆ. "ಘಮ ಬರುತ್ತೆ ಸಾರ್" ಎಂದ.

ಹೆಂಡತಿ ಮುಂಚೆಯೇ ಛತ್ರಕ್ಕೆ ಹೋಗಿದ್ದಳು. ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಚಿ ನಿಂತೆ. ಕಾಗದ ಸುಲಿದದ್ದೇ ತಡ, ಒಂದು ಪಟ್ಟಿ ತನಗೆ ತಾನೇ ಅಂಟಿಕೊಂಡು ಮಡಿಸಿದ ಒಬ್ಬಟ್ಟಾಯಿತು. ಇನ್ನೊಂದು ಬನಿಯನ್ನನ್ನು ಹಿಡಿಯಿತು. ಮತ್ತೊಂದು, ನೋವಿದ್ದ ಜಾಗದಿಂದ ಒಂದು ಗೇಣು ಮೇಲೆ, ದಟ್ಟ ರೋಮಗಳ ನಡುವೆ ಭದ್ರವಾಗಿ ಕೂತಿತು.

ಮೆಂಥಾಲ್ ಚರ್ಮವನ್ನು ತಣ್ಣಗೆ ಮಾಡುವುದೇ ಇಲ್ಲವಂತೆ. ಚಳಿಯ ಸುದ್ದಿ ಒಯ್ಯುವ ನರದ ಬಾಗಿಲು ತಟ್ಟಿ ಮಿದುಳಿಗೆ ಸುಳ್ಳು ವರದಿ ಕಳಿಸುತ್ತದೆ, ಅಷ್ಟೆ. ಆ ಬಾಗಿಲನ್ನು ಮೆಂಥಾಲ್ ಹಿಡಿದೇ ಪತ್ತೆಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರಲ್ಲಿ ನೊಬೆಲ್ ಪಡೆದರು. ನನ್ನ ಮಿದುಳು ಸುಳ್ಳನ್ನು ನಂಬಿತು. ನೆಂಟರ ಮೂಗು ನಂಬಲಿಲ್ಲ.

ಪಂಕ್ತಿಯಲ್ಲಿ ಕೂತೊಡನೆ ಚಿರೋಟಿಯ ಏಲಕ್ಕಿ ಪರಿಮಳ ಸತ್ತೇ ಹೋಯಿತು. "ಯಾರಿಗೋ ಸೊಂಟ" ಎಂದರು ಎದುರು ಸಾಲಿನ ಅಜ್ಜಿ. ನಾನೂ ಮೂಗು ಅರಳಿಸಿ, ಯಾರಿರಬಹುದೆಂದು ಆಚೀಚೆ ಹುಡುಕಿದೆ.

"ಯಾರೇ ಇರಲಿ, ಪಟ್ಟಿಯ ಮೇಲೊಂದು ಬಿಸಿನೀರಿನ ಚೀಲ ಇಟ್ಟುಕೊಳ್ಳಲಿ. ತಕ್ಷಣ ಬಿಡುತ್ತೆ" ಎಂದು ಪಕ್ಕದ ಚಿಕ್ಕಪ್ಪ ಸಾರಿದರು.

"ಅಯ್ಯೋ, ಇಡಬಾರದು! ಚರ್ಮ ಸುಟ್ಟೀತು. ಪೊಟ್ಟಣದ ಮೇಲೇ ಬರೆದಿದೆ!"

ಬಡಿಸುವವನ ಸೌಟು ಕೂಡ ನಿಂತಿತು.

"ಒಂದು ಉಳಿದಿದ್ರೆ ಈ ಮಂಡಿಗೆ ಕೊಡಪ್ಪಾ" ಎಂದರು ಅಜ್ಜಿ. ಸೊಪ್ಪಿನ ಪಲ್ಯ ಬರುವುದರೊಳಗೆ ಪೊಟ್ಟಣ ಖಾಲಿ.

ಎಂಟು ತಾಸಿನೊಳಗೆ ಕೀಳಬೇಕೆಂದೂ ಬರೆದಿತ್ತು. ಸಂಜೆ ನನ್ನವಳು ತುದಿ ಹಿಡಿದು ಒಂದೇ ಎಳೆತ ಎಳೆದಳು. ನನ್ನ ಕೂಗಿಗೆ ಓಲಗದವರೇ ಗಾಬರಿಯಾದರು.

"ನೋವು ಇಲ್ಲೇ ತಾನೇ ಇದ್ದದ್ದು?"

"ಇಲ್ಲ, ಒಂದು ಗೇಣು ಕೆಳಗೆ."

"ಹಾಗಾದ್ರೆ ಈಗ ಎರಡು ಕಡೆ ಆಯ್ತು ಬಿಡಿ" ಎಂದು ರೋಮಭರಿತ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.